ಕಕ್ಕಸು ಕಟ್ಟಿಕೊಂಡರೆ ಬೀಗ ಹಾಕಬೇಡಿ

ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಊರುಗಳಲ್ಲಿ ಸೌದೆ, ಹಳೇ ಡ್ರಮ್ಮು ತುಂಬಿಟ್ಟ ಶೌಚಾಲಯಗಳನ್ನು ನೀವೂ ನೋಡಿರುತ್ತೀರಿ. ಯಾಕೆ ಅಂತ ಕೇಳಿದರೆ, 'ಕಟ್ಕಂಡದ ಕಣಪ್ಪ' ಅನ್ನುತ್ತಾರೆ. 2014ರಲ್ಲಿ ಶುರುವಾದ ಸ್ವಚ್ಛ ಭಾರತ ಯೋಜನೆಯಲ್ಲಿ ಶೌಚಾಲಯ ಕಟ್ಟಲು 12,000 ರೂಪಾಯಿ ಸಹಾಯಧನ ಗೊತ್ತಾಯಿತು. ಕೆಟ್ಟರೆ ಏನು ಮಾಡಬೇಕು ಅಂತ ಹೇಳಿಕೊಟ್ಟವರು ಕಡಿಮೆ. ಬಾಗಿಲಿಗೆ ಬೀಗ ಬಿದ್ದ ದಿನದಿಂದ ಮನೆಯ ಹೆಂಗಸರು ಮತ್ತೆ ಕತ್ತಲಾಗುವುದನ್ನೇ ಕಾಯಬೇಕು.

ಸಣ್ಣಪುಟ್ಟ ರಿಪೇರಿಯನ್ನು ಮನೆಯವರೇ ಮಾಡಿಕೊಳ್ಳಬಹುದು ಅನ್ನುವುದು ನಮ್ಮ ಮಾತು.

ನೀರು ಇಳಿಯುತ್ತಿಲ್ಲವೇ? ಮೊದಲು ಹೊರಗಿನ ಛೇಂಬರ್ ಮುಚ್ಚಳ ತೆಗೆದು, ಸ್ವಲ್ಪ ಹೊತ್ತು ದೂರ ನಿಂತು, ಆಮೇಲೆ ನೋಡಿ. ಛೇಂಬರ್ ಖಾಲಿ ಇದ್ದರೆ ಕಟ್ಟಿಕೊಂಡಿರುವುದು ಬೇಸಿನ್ ಕಡೆಗೆ. ತುಂಬಿ ನಿಂತಿದ್ದರೆ ತೊಂದರೆ ಗುಂಡಿಯ ಕಡೆಗೆ. ಬೇಸಿನ್ ಕಡೆಯಾದರೆ ಸೋಪಿನ ಪುಡಿ ಕಲಸಿದ ಬಿಸಿನೀರು ಹಾಕಿ ಅರ್ಧ ಗಂಟೆ ಬಿಡಿ. ಕುದಿಯುವ ನೀರು ಬೇಡ, ಬೇಸಿನ್ ಸೀಳುತ್ತದೆ. ಆಮೇಲೆ ರಬ್ಬರ್ ಪಂಪಿನಲ್ಲಿ ಒತ್ತಿ ಎಳೆಯಿರಿ. ಆಸಿಡ್ ಸುರಿಯಬೇಡಿ. ಅದು ಗುಂಡಿಯಲ್ಲಿ ಮಲ ಕರಗಿಸುವ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ವಿಷದ ಗಾಳಿ ಏಳುತ್ತದೆ.

ವಾಸನೆ ಬರುತ್ತಿದ್ದರೆ ಬೇಸಿನ್ ಕೆಳಗಿನ ಬಾಗಿದ ಪೈಪಿನ ನೀರು ಆರಿರಬಹುದು. ಗಾಳಿ ಮೇಲೆ ಬರದಂತೆ ತಡೆಯುವುದೇ ಆ ನೀರು. ದಿನಕ್ಕೊಂದು ಚೊಂಬು ಸುರಿದರೆ ಸಾಕು.

ಫ್ಲಶ್ ಟ್ಯಾಂಕ್ ಸೋರುವ ಅನುಮಾನವಿದ್ದರೆ ಬಟ್ಟೆಗೆ ಹಾಕುವ ನೀಲಿಯನ್ನು ಟ್ಯಾಂಕಿಗೆ ನಾಲ್ಕು ಹನಿ ಬಿಡಿ. ಫ್ಲಶ್ ಮಾಡದೆಯೇ ಅರ್ಧ ಗಂಟೆಯಲ್ಲಿ ಕೆಳಗೆ ನೀಲಿ ಕಂಡರೆ ವಾಷರ್ ಹೋಗಿದೆ. ಬೇಸಿಗೆಯಲ್ಲಿ ನೀರಿಗೆ ಪರದಾಡುವ ಹನೂರು ಕಡೆಯವರು ಇದನ್ನು ಮರೆಯಬಾರದು.

ಇನ್ನು ಗುಂಡಿಯ ವಿಷಯ. ಎರಡು ಗುಂಡಿಯ ಕಕ್ಕಸಾದರೆ, ಒಂದು ತುಂಬಿದಾಗ ಛೇಂಬರಿನಲ್ಲಿ ಅದರ ದಾರಿಯನ್ನು ಇಟ್ಟಿಗೆ, ಮಣ್ಣಿನಿಂದ ಮುಚ್ಚಿ ಇನ್ನೊಂದರ ದಾರಿ ಬಿಡಿಸಿ. ತುಂಬಿದ್ದನ್ನು ಎರಡು ವರ್ಷ ಮುಟ್ಟಬೇಡಿ, ಒಣಗಿ ಗೊಬ್ಬರವಾಗುತ್ತದೆ. ನದಿದಡದ ಊರುಗಳಂತೆ ನೀರು ಮೇಲೇ ಇರುವ ಕಡೆ ಅದು ಒಣಗದಿರಬಹುದು. ಅಂಥದ್ದಕ್ಕೆ, ಒಂದೇ ಗುಂಡಿ ಇರುವವರಿಗೆ, ಸೆಪ್ಟಿಕ್ ಟ್ಯಾಂಕಿಗೆ ಸಕ್ಕಿಂಗ್ ಗಾಡಿಯೇ ಬರಬೇಕು.

ಒಳಗೆ ಮಾತ್ರ ನೀವೂ ಇಳಿಯಬೇಡಿ, ಇನ್ನೊಬ್ಬರನ್ನೂ ಇಳಿಸಬೇಡಿ. ಒಳಗಿನ ಗಾಳಿ ಕ್ಷಣದಲ್ಲಿ ಜೀವ ತೆಗೆಯುತ್ತದೆ. ಸುರಕ್ಷತಾ ಸಾಧನವಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಇಳಿಸಿದವರಿಗೆ 2013ರ ಕಾಯ್ದೆಯಡಿ ಮೊದಲ ಸಲವೇ 2 ವರ್ಷದವರೆಗೆ ಜೈಲು, 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ನಮ್ಮ ರಾಜ್ಯದಲ್ಲಿ ಬಸವಲಿಂಗಪ್ಪನವರು ಮಂತ್ರಿಯಾಗಿ 1970ರ ದಶಕದಲ್ಲೇ ಹೋರಾಡಿದರು. ಇಂದಿಗೂ ಗುಂಡಿ ತುಂಬಿದರೆ ಒಂದು ಕೇರಿಯ ಕಡೆಗೇ ನಮ್ಮ ಕಣ್ಣು ಹೋಗುತ್ತದೆ.

ನಮ್ಮ ಮನೆಯ ಕಕ್ಕಸಿಗೆ ನಾವೇ ಕೈ ಹಚ್ಚಿದರೆ ಉಳಿಯುವುದು ದುಡ್ಡು ಒಂದೇ ಅಲ್ಲ. ಆ ಕೆಲಸ ಇಂಥವರದೇ ಅನ್ನುವ ಮಾತೂ ಅಲ್ಲಿಗೆ ನಿಲ್ಲುತ್ತದೆ.