ಸದ್ದಿಗೆ ಸದ್ದೇ ಮದ್ದು

ಪೈಲಟ್ ಆಗೋಕೆ ಹೊರಟ ಎಷ್ಟೋ ಜನ ಮೊದಲು ಕೈಯಿಡೋದು ಸೆಸ್ನಾ 172 ಅನ್ನೋ ಪುಟ್ಟ ವಿಮಾನದ ಮೇಲೆ. ಅದರ ಎಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗುವಾಗ, ಎರಡು ಬ್ಲೇಡಿನ ಪ್ರೊಪೆಲರ್ ಸೆಕೆಂಡಿಗೆ 80 ಸಲ ಗಾಳಿಯನ್ನು ಬಡಿಯುತ್ತೆ. ಎಂಜಿನ್ನಿನ ನಾಲ್ಕು ಸಿಲಿಂಡರ್‌ಗಳೂ ಸೇರಿ ಸೆಕೆಂಡಿಗೆ 80 ಸಲವೇ ಸಿಡಿಯುತ್ತವೆ. ಈ ಗುಂಯ್‌ಗುಡುವಿಕೆಯ ನಡುವೆ ಕಂಟ್ರೋಲ್ ಟವರ್ ಹೇಳೋ ಒಂದೊಂದು ಅಂಕಿಯೂ ಪೈಲಟ್ ಕಿವಿಗೆ ಸರಿಯಾಗಿ ಬೀಳಬೇಕು.

ಹೆಡ್‌ಸೆಟ್‌ನ ದಪ್ಪ ಕಪ್ ಕೀರಲು ಸದ್ದನ್ನು ಚೆನ್ನಾಗಿ ತಡೆಯುತ್ತೆ, ತಗ್ಗಿನ ಗುಡುಗನ್ನಲ್ಲ. ಪಕ್ಕದ ಬೀದಿಯಲ್ಲಿ ಆರ್ಕೆಸ್ಟ್ರಾ ಇದ್ದಾಗ ಕಿಟಕಿ ಮುಚ್ಚಿದರೂ ಬೇಸ್ ಮಾತ್ರ ಎದೆಗೇ ಬಂದು ಬಡಿಯುತ್ತಲ್ಲ, ಹಾಗೆ.

ಆಕ್ಟಿವ್ ನಾಯ್ಸ್ ರಿಡಕ್ಷನ್ ಬೇಕಾಗೋದು ಇಲ್ಲೇ. ಕಪ್ಪಿನೊಳಗೆ ಒಂದು ಪುಟ್ಟ ಮೈಕ್ ಇರುತ್ತೆ. ಕಿವಿಯ ಹತ್ತಿರ ಯಾವ ಸದ್ದು ಬರ್ತಿದೆ ಅಂತ ಅದು ಕೇಳಿಸಿಕೊಳ್ಳುತ್ತೆ. ಸದ್ದು ಅಂದ್ರೆ ಗಾಳಿಯ ಒತ್ತಡದ ಏರಿಳಿತ ತಾನೇ? ಅದು ಏರಿದಾಗ ಸ್ಪೀಕರ್ ಇಳಿಸುತ್ತೆ, ಇಳಿದಾಗ ಏರಿಸುತ್ತೆ. ಎರಡೂ ಸೇರಿದಾಗ ಉಳಿಯೋದು ಅಲ್ಪಸ್ವಲ್ಪ. ಟವರ್‌ನ ಮಾತೂ ಅಳಿಸಿ ಹೋಗಲ್ವಾ? ಇಲ್ಲ. ರೇಡಿಯೊದಿಂದ ಬಂದದ್ದು ಯಾವುದು ಅಂತ ಸರ್ಕ್ಯೂಟ್‌ಗೆ ಮೊದಲೇ ಗೊತ್ತಿರುತ್ತೆ. ಅದನ್ನು ಬಿಟ್ಟು ಉಳಿದದ್ದನ್ನಷ್ಟೇ ಅದು ಶಬ್ದಮಾಲಿನ್ಯ ಅಂತ ಎಣಿಸುತ್ತೆ.

ಹಾಗಾದರೆ ಎಲ್ಲ ಸದ್ದನ್ನೂ ಯಾಕೆ ಅಳಿಸಲ್ಲ? ಲೇಟೆನ್ಸಿ! ನಮ್ಮ ಸಾಫ್ಟ್‌ವೇರ್ ಮಂದಿಗೆ ಇದು ಹಳೇ ಶತ್ರು. ಮೈಕ್‌ನಿಂದ ಸ್ಪೀಕರ್‌ಗೆ ಹೋಗೋಕೆ 0.1 ಮಿಲಿಸೆಕೆಂಡ್ ಬೇಕು ಅಂತಿಟ್ಟುಕೊಳ್ಳಿ. 80 ಹರ್ಟ್ಸ್ ಅಲೆಯ ಒಂದು ಏರಿಳಿತಕ್ಕೆ 12.5 ಮಿಲಿಸೆಕೆಂಡ್ ಹಿಡಿಯುತ್ತೆ, ಹಾಗಾಗಿ ಈ ತಡ ಲೆಕ್ಕಕ್ಕೇ ಇಲ್ಲ. 3000 ಹರ್ಟ್ಸ್ ಅಲೆಯಾದರೆ ಅಷ್ಟರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಮುಂದೆ ಹೋಗಿಬಿಟ್ಟಿರುತ್ತೆ. ಆಗ ಎದುರಲೆ ಬಿಟ್ಟರೆ ಸದ್ದು ಇಳಿಯೋ ಬದಲು ಏರುತ್ತೆ. ಅದಕ್ಕೇ ಈ ಕೆಲಸ ಇಬ್ಬರಿಗೆ ಹಂಚಿಕೆ: ತಗ್ಗು ಸದ್ದು ಸರ್ಕ್ಯೂಟ್‌ಗೆ, ಕೀರಲು ಸದ್ದು ಕಪ್ಪಿಗೆ.

ಯೋಚನೆ ಹಳೇದು. ಜರ್ಮನಿಯ ಪಾಲ್ ಲ್ಯೂಗ್‌ಗೆ ಇದರ ಅಮೆರಿಕನ್ ಪೇಟೆಂಟ್ ಸಿಕ್ಕಿದ್ದು 1936ರಲ್ಲಿ. 1978ರಲ್ಲಿ ಯುರೋಪಿನಿಂದ ಅಮೆರಿಕಕ್ಕೆ ಹಾರುವಾಗ ಅಮರ್ ಬೋಸ್ ವಿಮಾನದಲ್ಲೇ ಕೂತು ಇದರ ಲೆಕ್ಕ ಹಾಕಿದರು. ಅವರ ಕಂಪನಿಯ ಪೈಲಟ್ ಹೆಡ್‌ಸೆಟ್ ಮಾರುಕಟ್ಟೆಗೆ ಬಂದದ್ದು 1989ರಲ್ಲಿ.

ಇವತ್ತು ನಿಮ್ಮ ಇಯರ್‌ಬಡ್‌ನಲ್ಲಿರೋದೂ ಇದೇ ತತ್ವ. ಬಸ್ಸಿನ ಎಂಜಿನ್ ಗುಂಯ್ ಮಾಯವಾದರೂ ಹಿಂದಿನ ಸೀಟಿನವರ ಫೋನ್ ಮಾತು ಕೇಳ್ತಾನೇ ಇರೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ! ಹೆಡ್‌ಫೋನ್ ಆದರೆ ಕನ್ನಡಕದ ದಪ್ಪ ಕಡ್ಡಿ ಕಪ್ಪಿನಡಿ ಸಂದು ಮಾಡದಂತೆ ನೋಡ್ಕೊಳ್ಳಿ, ಗುಂಯ್ ನುಸುಳೋದೇ ಅಲ್ಲಿಂದ. ಇಯರ್‌ಬಡ್ ಆದರೆ ಕಿವಿಗೆ ಸರಿಹೊಂದೋ ಅಳತೆಯ ರಬ್ಬರ್ ತುದಿ ಹಾಕಿ.

ಇದರ ನಿಜವಾದ ಲಾಭ ಬೇರೇನೇ ಇದೆ. ಗದ್ದಲ ಇಳಿದಷ್ಟೂ ವಾಲ್ಯೂಮ್ ಇಳಿಸಬಹುದು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟಲ್ಲ. ನಾಯ್ಸ್ ಕ್ಯಾನ್ಸಲೇಶನ್ ಆನ್ ಮಾಡಿಯೂ ವಾಲ್ಯೂಮ್ ಮೊದಲಿನಷ್ಟೇ ಇಟ್ಟರೆ, ದುಡ್ಡು ಕೊಟ್ಟು ಕೊಂಡ ಅನುಕೂಲ ಅರ್ಧ ಹಾಳಾದಂತೆ. ಮುಂದಿನ ಸಲ ಅದನ್ನು ಆನ್ ಮಾಡಿದ ಮೇಲೆ, ವಾಲ್ಯೂಮ್ ಎರಡು ಕಡ್ಡಿ ಇಳಿಸಿ ನೋಡಿ.