ಅಂಗಡಿಯ ಹೆಣ್ಣುಮಕ್ಕಳೂ ಅವರ ಮೇಲ್ವಿಚಾರಕಿಯೂ

ಶಾಲೆ ಬಿಟ್ಟ ಹುಡುಗಿಯರು ಮುಂದೆ ಯಾವ ಉದ್ಯೋಗವನ್ನು ಹಿಡಿಯುವರೆಂದು ಯಾರಾದರೂ ಕೇಳಿದರೆ, ಉಪಾಧ್ಯಾಯಿನಿಯರಾಗುವರು ಅಥವಾ ದಾದಿಯರಾಗುವರು ಎಂಬ ಉತ್ತರವು ನಮ್ಮ ನಾಲಿಗೆಗೆ ಬಹುಕಾಲದಿಂದ ರೂಢಿಯಾಗಿರುತ್ತದೆ. ಜವಳಿ ಅಂಗಡಿಯಲ್ಲಿಯೂ ದಿನಸಿಯ ದೊಡ್ಡ ಮಳಿಗೆಯಲ್ಲಿಯೂ ಬೆಳಗಿನಿಂದ ರಾತ್ರಿಯ ತನಕ ನಿಂತು ದುಡಿಯುವವರನ್ನು ಈ ಲೆಕ್ಕಕ್ಕೆ ಸೇರಿಸುವವರು ವಿರಳ. ಆದರೂ ಅಂಥ ಕೆಲಸಕ್ಕೆ ಸೇರುವ ವಿದ್ಯಾವಂತ ಹೆಣ್ಣುಮಕ್ಕಳು ಇಂದು ಯಾವ ಪಟ್ಟಣದಲ್ಲಿ ಇಲ್ಲ? ಮಗಳನ್ನು ಹೀಗೆ ಕಳುಹಿಸುವ ತಂದೆತಾಯಿಗಳು ಸಂಬಳವೆಷ್ಟು, ಬಸ್ಸು ಸಿಕ್ಕುವುದೊ ಇಲ್ಲವೊ, ರಾತ್ರಿ ಎಷ್ಟು ಗಂಟೆಗೆ ಮನೆಗೆ ಬರುವಳು ಎಂದು ವಿಚಾರಿಸುವರು. ಯಾರ ಕೈಕೆಳಗೆ ದುಡಿಯುವಳು ಎಂದು ಮಾತ್ರ ಕೇಳುವುದಿಲ್ಲ. ಮೊದಲು ಕೇಳತಕ್ಕ ಪ್ರಶ್ನೆಯು ಇದೇ ಎಂಬುದು ನಮ್ಮ ಅಭಿಪ್ರಾಯ.

ಸೀರೆಯ ವಿಭಾಗವನ್ನೇ ನೋಡಿರಿ. ವರಮಹಾಲಕ್ಷ್ಮಿ ಹಬ್ಬದ ಮುಂಚಿನ ವಾರದಲ್ಲಿ ಒಬ್ಬ ಗಿರಾಕಿಯ ಮುಂದೆ ನಲವತ್ತು ಸೀರೆಗಳನ್ನು ಬಿಚ್ಚಿ ಹರಡಿದ್ದಾಗುತ್ತದೆ. ಆಕೆ ಒಂದನ್ನೂ ಕೊಳ್ಳದೆ ಎದ್ದು ಹೋಗುವಳು. ಕೊಳ್ಳದಿರುವುದು ಗಿರಾಕಿಯ ಹಕ್ಕು. ನಾವೂ ಹಾಗೆ ಎದ್ದು ಬರುವವರೇ. ಆದರೆ ನಲವತ್ತನ್ನೂ ಅಂಚಿಗೆ ಅಂಚು ಕೂಡಿಸಿ ಮತ್ತೆ ಮಡಿಸಬೇಕಾದವಳು ಅಂಗಡಿಯ ಹುಡುಗಿ. ಆ ಸಮಯದಲ್ಲಿ ಮೇಲ್ವಿಚಾರಕಿಯು ದೂರದಿಂದಲೇ, “ಒಂದು ಸೀರೆ ಮಾರಲಿಕ್ಕೂ ಬಾರದೆ?” ಎಂದು ಹತ್ತು ಜನರ ಮುಂದೆ ಕೂಗಬಹುದು, ಇಲ್ಲವೆ ಬಳಿಗೆ ಬಂದು ಸೆರಗಿನ ತುದಿಯನ್ನು ಹಿಡಿದು ತಾನೂ ನಾಲ್ಕು ಸೀರೆ ಮಡಿಸಬಹುದು. ಎರಡನೆಯವಳ ವಿಭಾಗದಲ್ಲಿ ಹುಡುಗಿಯರು ವರ್ಷಗಟ್ಟಲೆ ನಿಲ್ಲುವರು. ಮೊದಲನೆಯವಳು, ಈ ಕಾಲದ ಹುಡುಗಿಯರಿಗೆ ಸ್ಥಿರತೆಯಿಲ್ಲವೆಂದು ಯಜಮಾನರ ಮುಂದೆ ದೂರುತ್ತಿರುವಳು.

ಬೈಗುಳಕ್ಕಿಂತಲೂ ಕಠಿನವಾದದ್ದು ನಿಲ್ಲಿಸಿಯೇ ಇರಿಸುವುದು. ಕೋಳಿಕ್ಕೋಡಿನ ಮಿಠಾಯಿ ಬೀದಿಯ ಅಂಗಡಿಗಳ ಹೆಂಗಸರು ದರ್ಜಿ ಕೆಲಸದ ವಿಜಿ ಎಂಬವರ ಮುಂದಾಳುತನದಲ್ಲಿ ಮೊದಲು ಶೌಚಾಲಯಕ್ಕಾಗಿ, ಅನಂತರ ಕುಳಿತುಕೊಳ್ಳುವ ಹಕ್ಕಿಗಾಗಿ ಹೋರಾಡಿದರು. ಇಂಥ ಹೋರಾಟಗಳ ಫಲವಾಗಿ 2018ರಲ್ಲಿ ಕೇರಳ ಸರಕಾರವು, ಅಂಗಡಿಯ ಕೆಲಸಗಾರರಿಗೆ ಕುಳಿತುಕೊಳ್ಳಲು ಅನುಕೂಲ ಮಾಡಿಕೊಡಬೇಕೆಂದು ಕಾಯಿದೆಯನ್ನು ತಿದ್ದಿತು. 2021ರಲ್ಲಿ ತಮಿಳುನಾಡು ಅದನ್ನೇ ಅನುಸರಿಸಿತು. ಇಂಗ್ಲೆಂಡಿನಲ್ಲಿಯಾದರೊ 1899ರಷ್ಟು ಹಿಂದೆಯೇ, ಮೂವರು ಅಂಗಡಿಯ ಹುಡುಗಿಯರಿಗೆ ಒಂದಾದರೂ ಆಸನವಿರಬೇಕೆಂದು ಶಾಸನವಾಗಿತ್ತು. ಮೂವರಿಗೆ ಒಂದು! ಆ ಔದಾರ್ಯವನ್ನು ಏನೆಂದು ಹೊಗಳೋಣ?

ಶಾಸನವು ಸ್ಟೂಲನ್ನು ತರಿಸಬಲ್ಲದು. ಅದರ ಮೇಲೆ ಕುಳಿತ ಹುಡುಗಿಯತ್ತ ಮೇಲ್ವಿಚಾರಕಿಯು ಬೀರುವ ನೋಟವನ್ನು ಶಾಸನವು ತಿದ್ದಲಾರದು. ಕುಳಿತವಳು ಸೋಮಾರಿ ಎಂಬ ಭಾವನೆ ಆ ಕಣ್ಣಿನಲ್ಲಿದ್ದರೆ, ಸ್ಟೂಲಿದ್ದರೂ ಯಾರೂ ಕುಳಿತುಕೊಳ್ಳುವುದಿಲ್ಲ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೇಲ್ವಿಚಾರಕಿಯೇ ಐದು ನಿಮಿಷ ಕುಳಿತರೆ ಉಳಿದವರಿಗೆ ಧೈರ್ಯ ಬರುವುದು. ವಿಶ್ರಾಂತಿಯ ವಿಷಯವೂ ಹೀಗೆಯೇ. ನಮ್ಮ ರಾಜ್ಯದ 1961ರ ಅಂಗಡಿಗಳ ಕಾಯಿದೆಯು ಸತತವಾಗಿ 5 ಗಂಟೆಗಿಂತ ಹೆಚ್ಚು ದುಡಿಸಬಾರದೆಂದೂ ನಡುವೆ 1 ಗಂಟೆ ಬಿಡುವು ಕೊಡಬೇಕೆಂದೂ ವಾರಕ್ಕೊಂದು ದಿನ ರಜೆ ಇರಬೇಕೆಂದೂ ವಿಧಿಸಿತು. ಆದರೆ ಆ ರಜೆಯು ಯಾವ ವಾರವೆಂದು ಹಿಂದಿನ ರಾತ್ರಿ ತಿಳಿಸಿದರೆ ಏನು ಪ್ರಯೋಜನ? ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದ ಹುಡುಗಿಗೆ ಒಂದು ವಾರ ಮುಂಚಿತವಾಗಿ ಗೊತ್ತಾದ ರಜೆಯೇ ರಜೆ. ತನಗೆ ಬೇಕಾದವರಿಗೆ ಭಾನುವಾರ, ಬೇಡದವರಿಗೆ ಮಂಗಳವಾರ ಎಂದು ಹಂಚುವ ಮೇಲ್ವಿಚಾರಕಿಯ ಸಿಹಿ ಮಾತಿಗೆ ಕಾಸಿನ ಬೆಲೆಯಿಲ್ಲ.

ಮೇಲ್ವಿಚಾರಕಿಯ ಪಾಡು ಸುಲಭವೆಂದು ನಾವು ಹೇಳುವುದಿಲ್ಲ. ಇಷ್ಟು ಮಾರಲೇಬೇಕೆಂಬ ಟಾರ್ಗೆಟ್ಟಿನ ಭಾರವು ಮೊದಲು ಬೀಳುವುದು ಅವಳ ತಲೆಯ ಮೇಲೆಯೇ. ಗಲ್ಲಾದಲ್ಲಿ ಇನ್ನೂರು ರೂಪಾಯಿ ಕಡಿಮೆಯಾದರೆ ಯಜಮಾನರು ಕರೆಯುವುದೂ ಅವಳನ್ನೇ. ಆದರೆ ಮೇಲಿನಿಂದ ಬಂದ ಕೋಪವನ್ನು ಹಾಗೆಯೇ ಕೆಳಕ್ಕೆ ಸುರಿಯುವುದಕ್ಕೆ ಒಬ್ಬ ಮನುಷ್ಯಳು ಏಕೆ ಬೇಕು? ಆ ಕೆಲಸಕ್ಕೆ ಒಂದು ಕೊಳವೆ ಸಾಕು. ಲೆಕ್ಕವನ್ನು ಇನ್ನೊಮ್ಮೆ ಎಣಿಸಿ ನೋಡುವ ತನಕ ಹುಡುಗಿಯ ಸಂಬಳವನ್ನು ಮುಟ್ಟಬೇಡಿರೆಂದು ಯಜಮಾನರಿಗೆ ವಿನಯದಿಂದ ಹೇಳುವವಳೇ ನಿಜವಾದ ಮುಂದಾಳು.

ಇಂಗ್ಲೆಂಡಿನ ಮಾರ್ಗರೆಟ್ ಬಾಂಡ್‌ಫೀಲ್ಡರು 14ನೆಯ ವಯಸ್ಸಿನಲ್ಲಿ ಜವಳಿ ಅಂಗಡಿಗೆ ಸೇರಿದರು. ಅಂಗಡಿ ಕೆಲಸಗಾರರ ಸಂಘದ ಮುಂದಾಳಾದರು. 1929ರಲ್ಲಿ ಕಾರ್ಮಿಕ ಮಂತ್ರಿಣಿಯಾಗಿ ಆ ದೇಶದ ಸಂಪುಟವನ್ನು ಸೇರಿದ ಮೊದಲನೆಯ ಮಹಿಳೆಯೆನಿಸಿದರು. ಅಂಗಡಿಗಳ ಕಷ್ಟವನ್ನು ಕುರಿತು ಅವರು ಬರೆದದ್ದನ್ನು ಜನ ನಂಬಿದ್ದು, ಅವರ ಕಾಲುಗಳೂ ಅಲ್ಲಿ ನೊಂದಿದ್ದುದರಿಂದ. ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಮೇಲ್ವಿಚಾರಕಿಯ ಸ್ಥಾನಕ್ಕೆ ಏರಿದವರು ತಮ್ಮ ಮೊದಲನೆಯ ಹಬ್ಬದ ಸೀಸನ್ನಿನ ಕಾಲುನೋವನ್ನು ಮರೆಯದಿರಲೆಂದು ಕೋರುತ್ತೇವೆ.

ಇನ್ನು ತಂದೆತಾಯಿಗಳಿಗೆ ಒಂದು ಸೂಚನೆ. ಮಗಳನ್ನು ಕೆಲಸಕ್ಕೆ ಬಿಡುವ ಮುಂಚೆ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಗಿರಾಕಿಗಳಂತೆ ಒಮ್ಮೆ ಆ ಅಂಗಡಿಗೆ ಹೋಗಿಬನ್ನಿರಿ. ಏನನ್ನೂ ಕೊಳ್ಳಬೇಕಾಗಿಲ್ಲ. ಗಲ್ಲಾದ ಹಿಂದೆ ಸ್ಟೂಲಿದೆಯೊ, ಇದ್ದರೆ ಅದರ ಮೇಲೆ ಹುಡುಗಿ ಕುಳಿತಿರುವಳೊ, ರಟ್ಟಿನ ಪೆಟ್ಟಿಗೆಗಳನ್ನು ಪೇರಿಸಿಟ್ಟಿರುವರೊ ನೋಡಿಕೊಂಡು ಬಂದರೆ ಸಾಕು.