ಹಾರ್ಟ್‌ಫರ್ಡಿನ ಮೇಣದಬತ್ತಿಗಳು

1780ನೆಯ ಇಸವಿಯ ಮೇ 19ರಂದು ಅಮೆರಿಕದ ಈಶಾನ್ಯದಲ್ಲಿರುವ ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ ಹೊತ್ತು ಏರಿದಂತೆ ಬೆಳಕು ಏರಲಿಲ್ಲ, ಇಳಿಯಿತು. ಆಕಾಶವು ಮೊದಲು ಹಿತ್ತಾಳೆಯ ಬಣ್ಣಕ್ಕೆ ತಿರುಗಿ, ಬರಬರುತ್ತ ಕಪ್ಪಾಗಿ, ನಡುಹಗಲಿನಲ್ಲಿ ದೀಪ ಹಚ್ಚದೆ ಊಟಕ್ಕೆ ಕುಳಿತುಕೊಳ್ಳುವಂತಿರಲಿಲ್ಲ. ಕೋಳಿಗಳು ಗೂಡು ಸೇರಿದವು. ಕಪ್ಪೆಗಳು ರಾತ್ರಿಯಾಯಿತೆಂದು ಕೂಗತೊಡಗಿದವು. ಲೋಕಾಂತ್ಯದಲ್ಲಿ ಸೂರ್ಯಚಂದ್ರರು ಕಳೆಗುಂದುವರೆಂದು ಬೈಬಲಿನಲ್ಲಿ ಓದಿ ಬೆಳೆದಿದ್ದ ಜನರಿಗೆ ಬೇರೆ ಅರ್ಥ ಹೊಳೆಯಲಿಲ್ಲ. ನ್ಯಾಯತೀರ್ಪಿನ ದಿನವೇ ಬಂದಿತೆಂದು ಅನೇಕರು ದೇವಾಲಯಗಳಿಗೆ ಧಾವಿಸಿದರು.

ಕನೆಕ್ಟಿಕಟ್ ರಾಜ್ಯದ ಶಾಸನಸಭೆ ಅಂದು ಹಾರ್ಟ್‌ಫರ್ಡ್ ನಗರದಲ್ಲಿ ನಡೆಯುತ್ತಿತ್ತು. ಕೆಳಮನೆಯ ಸದಸ್ಯರು ಕಲಾಪವನ್ನು ನಿಲ್ಲಿಸಿ ಹೊರಟರು. ಮೇಲ್ಮನೆಯಲ್ಲಿಯೂ ಅದೇ ಸೂಚನೆ ಬಂದಿತು. ಆಗ ಸ್ಟ್ಯಾಮ್‌ಫರ್ಡಿನ ಏಬ್ರಹಾಂ ಡೇವನ್‌ಪೋರ್ಟ್ ಎಂಬ ವೃದ್ಧ ಸದಸ್ಯನು ಅದನ್ನು ವಿರೋಧಿಸಿದನು. ತೀರ್ಪಿನ ದಿನವು ಸಮೀಪಿಸಿರಬಹುದು, ಸಮೀಪಿಸದೆ ಇರಬಹುದು. ಸಮೀಪಿಸಿಲ್ಲವಾದರೆ ಸಭೆಯನ್ನು ಮುಂದೂಡಲು ಕಾರಣವಿಲ್ಲ, ಸಮೀಪಿಸಿದ್ದರೆ ತಾನು ಕರ್ತವ್ಯದಲ್ಲಿರುವಾಗಲೇ ಸಿಕ್ಕಬೇಕೆಂಬುದು ತನ್ನ ಅಪೇಕ್ಷೆ. ಆದುದರಿಂದ ಮೇಣದಬತ್ತಿಗಳನ್ನು ತರಿಸಬೇಕು ಎಂಬುದು ಅವನ ವಾದವಾಗಿತ್ತು. ಮುಂದೆ ವಿಟ್ಟಿಯರ್ ಕವಿಯು ಈ ಪ್ರಸಂಗವನ್ನು ಕವಿತೆಯಾಗಿ ಬರೆದಾಗ, ಆ ಬತ್ತಿಗಳ ಬೆಳಕಿನಲ್ಲಿ ಚರ್ಚೆಗೆ ಬಂದ ವಿಷಯ ಮೀನುಗಾರಿಕೆಯ ಕಾಯಿದೆಯ ತಿದ್ದುಪಡಿಯೆಂದು ವರ್ಣಿಸಿದನು. ಪ್ರಳಯದ ಬಾಗಿಲಲ್ಲಿ ಮೀನಿನ ಕಾಯಿದೆ! ನಗುವವರು ನಗಬಹುದು, ಆದರೆ ಡೇವನ್‌ಪೋರ್ಟನ ಮನಸ್ಸನ್ನು ಅದಕ್ಕಿಂತ ಚೆನ್ನಾಗಿ ತೋರಿಸುವುದು ಕಷ್ಟ.

ಆ ಕತ್ತಲೆಗೆ ಕಾರಣ ದೂರದ ಕಾಡ್ಗಿಚ್ಚಿನ ಹೊಗೆ. ಅಂದು ಸಂಗ್ರಹಿಸಿದ ಮಳೆನೀರಿನ ಮೇಲೆ ಮಸಿ ತೇಲುತ್ತಿತ್ತು. ಕೆನಡಾದ ಒಂಟೇರಿಯೋ ಪ್ರದೇಶದ ಮರಗಳ ಉಂಗುರಗಳಲ್ಲಿ ಉಳಿದ ಬೆಂಕಿಯ ಗಾಯಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಅಲ್ಲಿಯೇ ಆ ಕಿಚ್ಚು ಹತ್ತಿತ್ತೆಂದು 2007ರಲ್ಲಿ ಪ್ರಕಟಿಸಿದರು. ಕಾರಣ ತಿಳಿದ ಮೇಲೆ ಧೈರ್ಯ ಯಾರಿಗಾದರೂ ಬರುತ್ತದೆ. ಡೇವನ್‌ಪೋರ್ಟನಿಗೆ ಕಾರಣ ತಿಳಿದಿರಲಿಲ್ಲವೆಂಬುದನ್ನು ವಾಚಕರು ಮರೆಯಬಾರದು. ಆ ಮಧ್ಯಾಹ್ನವೇ ಕಡೆಯದಾಗಬಹುದೆಂದು ಒಪ್ಪಿಕೊಂಡೇ ಅವನು ಬತ್ತಿ ಕೇಳಿದನು.

ಈ ಕತ್ತಲೆಯ ದಿನವನ್ನು ಮುಂದೆ ಯುಗಾಂತ್ಯದ ಕುರುಹುಗಳಲ್ಲಿ ಒಂದೆಂದು ಎಣಿಸಿದವರು ವಿಲಿಯಂ ಮಿಲ್ಲರನ ಅನುಯಾಯಿಗಳು. 1782ರಲ್ಲಿ ಹುಟ್ಟಿದ ಮಿಲ್ಲರನು ನ್ಯೂಯಾರ್ಕ್ ರಾಜ್ಯದ ಲೋ ಹ್ಯಾಂಪ್ಟನ್ನಿನ ಒಕ್ಕಲಿಗ. 1812ರ ಯುದ್ಧದಲ್ಲಿ ಸೈನಿಕನಾಗಿ ಹೋರಾಡಿ, ಬಂದ ಮೇಲೆ ಭಕ್ತನಾಗಿ, ಬೈಬಲನ್ನು ವಚನ ವಚನವಾಗಿ ಅಭ್ಯಾಸಮಾಡಿದನು. ದಾನಿಯೇಲನ ಗ್ರಂಥದ 2,300 ದಿನಗಳನ್ನು ವರ್ಷಗಳೆಂದು ತಿಳಿದು, ಕ್ರಿಸ್ತಪೂರ್ವ 457ರಿಂದ ಎಣಿಸಿ, 1843ರ ಸುಮಾರಿಗೆ ಕ್ರಿಸ್ತನ ಪುನರಾಗಮನವೆಂದು ನಿರ್ಧರಿಸಿದನು. ಲೆಕ್ಕ ಮುಗಿದ ಮೇಲೂ 1831ರವರೆಗೆ ಅವನು ಬಹಿರಂಗವಾಗಿ ಬೋಧಿಸಲಿಲ್ಲ. ಕೀರ್ತಿಯ ಆಸೆಯವನು ಅಷ್ಟು ಕಾಯುತ್ತಿರಲಿಲ್ಲ. ಅವನು ಹೇಳಿದ ಅವಧಿ 1844ರ ಮಾರ್ಚಿಯಲ್ಲಿ ಕಳೆದುಹೋಯಿತು. ಆಗಸ್ಟಿನಲ್ಲಿ ಸ್ಯಾಮ್ಯುಯೆಲ್ ಸ್ನೋ ಎಂಬುವನು ಯೆಹೂದ್ಯರ ಹಳೆಯ ಪಂಚಾಂಗದ ಆಧಾರದಿಂದ ಅಕ್ಟೋಬರ್ 22 ಎಂದು ದಿನವನ್ನೇ ಗೊತ್ತುಮಾಡಿದನು. ಮಿಲ್ಲರನು ಬಹುಕಾಲ ಹಿಂದೆಗೆದು, ಆ ತಿಂಗಳು ಹುಟ್ಟಿದ ಮೇಲಷ್ಟೇ ಒಪ್ಪಿದನು.

ಆ ಕೊನೆಯ ವಾರಗಳಲ್ಲಿ ಸಾವಿರಾರು ಸಂಸಾರಗಳು ಬದುಕಿದ ರೀತಿ ವಿಚಾರಮಾಡತಕ್ಕದ್ದು. ಅವರು ಬಿಳಿಯ ನಿಲುವಂಗಿ ತೊಟ್ಟು ಗುಡ್ಡದ ಮೇಲೆ ನಿಂತರೆಂಬ ಹಾಸ್ಯದ ಕಥೆ ಬಹುಕಾಲ ಪ್ರಚಾರದಲ್ಲಿತ್ತು. 1944ರಲ್ಲಿ ಫ್ರಾನ್ಸಿಸ್ ನಿಕೋಲ್ ಎಂಬ ಲೇಖಕನು ಹಳೆಯ ದಾಖಲೆಗಳನ್ನು ಶೋಧಿಸಿ ಅದಕ್ಕೆ ಆಧಾರವಿಲ್ಲವೆಂದು ತೋರಿಸಿದನು. ಆದರೆ ಕೆಲವರು ಪೈರನ್ನು ಕೊಯ್ಯದೆ ಹೊಲದಲ್ಲಿಯೇ ಬಿಟ್ಟದ್ದು ನಿಜ. ಅಂಗಡಿ ಮುಚ್ಚಿದ್ದು ನಿಜ. ಹಳೆಯ ಸಾಲಗಳನ್ನು ತೀರಿಸಿದ್ದು, ಮಾಡಿದ ಅನ್ಯಾಯವನ್ನು ಒಪ್ಪಿಕೊಂಡು ನೆರೆಹೊರೆಯವರ ಕ್ಷಮೆ ಬೇಡಿದ್ದು ಕೂಡ ಅಷ್ಟೇ ನಿಜ.

ಅಕ್ಟೋಬರ್ 22 ಬಂದಿತು, ಹೋಯಿತು. ಹೈರಮ್ ಎಡ್ಸನ್ ಎಂಬ ಒಕ್ಕಲಿಗನು ಮಿತ್ರರೊಡನೆ ಬೆಳಗಾಗುವವರೆಗೆ ಅತ್ತುದನ್ನು ತಾನೇ ಬರೆದಿಟ್ಟಿದ್ದಾನೆ. ಮರುದಿನ ಬೀದಿಯಲ್ಲಿ ಮುಖ ತೋರಿಸುವುದೇ ಕಷ್ಟವಾಯಿತು. ಇನ್ನೂ ಮೇಲಕ್ಕೆ ಹೋಗಲಿಲ್ಲವೇ ಎಂದು ಕೇಳುವವರಿಗೆ ಯಾವ ಊರಿನಲ್ಲಿಯೂ ಬಡತನವಿಲ್ಲ. ಇತಿಹಾಸದಲ್ಲಿ ಆ ದಿನಕ್ಕೆ ‘ಮಹಾನಿರಾಶೆ’ ಎಂದೇ ಹೆಸರು.

ಆದರೆ ಆ ಮರುದಿನ ಬೆಳಗ್ಗೆ ಒಬ್ಬ ಮನುಷ್ಯನು ಕುಳಿತು ಲೆಕ್ಕ ಹಾಕಿದ್ದರೆ, ಮಾಡಿದುದರಲ್ಲಿ ಯಾವುದಕ್ಕಾಗಿ ಅವನು ಮರುಗಬೇಕಾಗಿತ್ತು? ಕೊಯ್ಯದ ಬೆಳೆಗಾಗಿ ಮರುಗಬಹುದು. ಚಳಿಗಾಲ ಮುಂದಿತ್ತು, ಮನೆಯಲ್ಲಿ ಮಕ್ಕಳಿದ್ದರು. (ಒಬ್ಬ ರೈತನು ಅಗೆಯದೆ ಬಿಟ್ಟ ಆಲೂಗಡ್ಡೆ ಆ ವರ್ಷದ ರೋಗದಿಂದ ಪಾರಾಗಿ ವಸಂತದಲ್ಲಿ ಒಳ್ಳೆಯ ಬೆಲೆಗೆ ಹೋಯಿತೆಂಬ ಕಥೆಯುಂಟು. ಆದರೆ ಎಲ್ಲರ ಹೊಲದಲ್ಲಿಯೂ ಆಲೂಗಡ್ಡೆಯೇ ಇರಲಿಲ್ಲ.) ತೀರಿಸಿದ ಸಾಲಕ್ಕಾಗಿ ಮರುಗಬೇಕೆ? ನೆರೆಯವನೊಡನೆ ಕೂಡಿಹೋದ ಮನಸ್ಸಿಗಾಗಿ ಮರುಗಬೇಕೆ? ತಾರೀಖು ತಪ್ಪಾಯಿತೆಂದು ಆ ಸಾಲ ಮತ್ತೆ ಹುಟ್ಟಲಿಲ್ಲ. ಲೆಕ್ಕದ ಮೇಲೆ ನಿಂತದ್ದು ಬಿದ್ದಿತು. ಪಶ್ಚಾತ್ತಾಪದಿಂದ ಮಾಡಿದ್ದು ಉಳಿಯಿತು.

ಕ್ರೈಸ್ತರ ವೇದವನ್ನು ಈ ದೃಷ್ಟಿಯಿಂದ ತೆರೆದರೆ ಆಶ್ಚರ್ಯವಾಗುತ್ತದೆ. ಆ ದಿನವೂ ಗಳಿಗೆಯೂ ತಂದೆಗೆ ಹೊರತು ಯಾರಿಗೂ ತಿಳಿಯದೆಂದು ಯೇಸುವೇ ಹೇಳಿದ್ದಾಗಿ ಮತ್ತಾಯನ ಸುವಾರ್ತೆಯಲ್ಲಿದೆ. ಮದಲಿಂಗನನ್ನು ಎದುರುಗೊಳ್ಳಲು ಹೋದ ಹತ್ತು ಮಂದಿ ಕನ್ಯೆಯರ ಸಾಮ್ಯವೂ ಅಲ್ಲಿಯೇ ಬರುತ್ತದೆ. ಆ ಕಥೆಯಲ್ಲಿ ಬುದ್ಧಿವಂತೆಯರೂ ತೂಕಡಿಸಿ ನಿದ್ರೆಹೋದರು. ಮದಲಿಂಗನ ಹೊತ್ತು ಅವರಿಗೂ ಗೊತ್ತಿರಲಿಲ್ಲ. ಅವರ ಬಳಿ ಎಣ್ಣೆ ಇತ್ತು, ಅಷ್ಟೇ. ಆ ಎಣ್ಣೆಯಾದರೋ ನಡುರಾತ್ರಿಯಲ್ಲಿ ಪಕ್ಕದವಳಿಂದ ಕಡವಾಗಿ ಸಿಕ್ಕುವಂಥದಲ್ಲ. ಥೆಸಲೋನಿಕದ ಸಭೆಯವರು ಕರ್ತನ ದಿನ ಬಂದೇಬಿಟ್ಟಿತೆಂದು ಕಳವಳಗೊಂಡಾಗ ಪೌಲನು ಬರೆದ ಪತ್ರದ ಕೊನೆಯಲ್ಲಿ ಇರುವ ಬುದ್ಧಿವಾದವೂ ಬಹಳ ಸರಳ: ಸೋಮಾರಿತನ ಬಿಟ್ಟು, ತಮ್ಮ ತಮ್ಮ ಕೆಲಸ ಮಾಡಿ, ತಮ್ಮ ಅನ್ನವನ್ನು ತಾವು ಉಣ್ಣಬೇಕು.

ಇವೆಲ್ಲಕ್ಕಿಂತ ಸ್ಪಷ್ಟವಾದದ್ದು ಸ್ನಾನಿಕನಾದ ಯೋಹಾನನ ಮಾತು. ಬರುವ ಕೋಪದಿಂದ ತಪ್ಪಿಸಿಕೊಳ್ಳಲು ಜೋರ್ದಾನ್ ನದಿಯ ದಡಕ್ಕೆ ಬಂದ ಜನರು ತಾವು ಏನು ಮಾಡಬೇಕೆಂದು ಕೇಳಿದ ಪ್ರಸಂಗವನ್ನು ಲೂಕನು ಬರೆದಿದ್ದಾನೆ. ಕೊಡಲಿ ಮರದ ಬುಡಕ್ಕೆ ಬಿದ್ದಿದೆಯೆಂದು ಗುಡುಗಿದ ಪ್ರವಾದಿಯಿಂದ ಭಯಂಕರವಾದ ವ್ರತವನ್ನು ಅವರು ನಿರೀಕ್ಷಿಸಿರಬೇಕು. ಅವನು ಹೇಳಿದ್ದು ಬೇರೆ. ಎರಡು ಅಂಗಿಯುಳ್ಳವನು ಇಲ್ಲದವನಿಗೆ ಒಂದನ್ನು ಕೊಡಲಿ. ಸುಂಕದವನು ಗೊತ್ತಾದುದಕ್ಕಿಂತ ಹೆಚ್ಚು ವಸೂಲುಮಾಡದಿರಲಿ. ಸಿಪಾಯಿಯು ಬೆದರಿಸಿ ಕೀಳದೆ ತನ್ನ ಸಂಬಳದಲ್ಲಿ ತೃಪ್ತನಾಗಿರಲಿ. ಸುಂಕದ ಕಟ್ಟೆಯನ್ನು ಬಿಡು ಎಂದು ಅವನು ಹೇಳಲಿಲ್ಲ. ಮರುದಿನ ಅದೇ ಕಟ್ಟೆಗೆ ಹೋಗಿ, ನಿನ್ನೆಯವರೆಗೆ ಕೈ ನೀಡುತ್ತಿದ್ದ ಜಾಗದಲ್ಲಿ ಕೈ ನೀಡದೆ ಕುಳಿತುಕೊಳ್ಳುವುದು ಗುಡ್ಡ ಹತ್ತುವುದಕ್ಕಿಂತ ಕಠಿನ. ಕಚೇರಿಯಲ್ಲಿ ಕೆಲಸಮಾಡುವ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ.

ಮಿಲ್ಲರನ ಕಥೆಯನ್ನು ‘ಮಹಾನಿರಾಶೆ’ಯಲ್ಲಿಯೇ ನಿಲ್ಲಿಸುವವರು ಅವನಿಗೆ ಅನ್ಯಾಯಮಾಡುತ್ತಾರೆ. ಲೆಕ್ಕ ತಪ್ಪಿತೆಂದು ಅವನು ಬಹಿರಂಗವಾಗಿ ಒಪ್ಪಿಕೊಂಡನು. ನಿರೀಕ್ಷೆಯನ್ನು ಮಾತ್ರ ಬಿಡಲಿಲ್ಲ. ಆ ನವೆಂಬರಿನಲ್ಲಿಯೇ ತನ್ನ ಸಹೋದ್ಯೋಗಿ ಜೋಶುವಾ ಹೈಮ್ಸನಿಗೆ ಪತ್ರ ಬರೆದು, ತಾನು ಇನ್ನೊಂದು ದಿನವನ್ನು ಗೊತ್ತುಮಾಡಿಕೊಂಡಿರುವುದಾಗಿ ತಿಳಿಸಿದನು. ಹೈಮ್ಸನ ಎದೆ ಒಂದು ಕ್ಷಣ ನಡುಗಿದ್ದರೂ ಆಶ್ಚರ್ಯವಿಲ್ಲ. ಆ ದಿನ ಯಾವುದೆಂದರೆ ಇಂದು. ಕರ್ತನು ಬರುವವರೆಗೆ ಪ್ರತಿದಿನವೂ ಇಂದೇ ಎಂದು ಮಿಲ್ಲರನು ಬರೆದಿದ್ದನು. ಅವನ ಸಭೆಯವರು ಅವನನ್ನು ಹೊರಗೆ ಹಾಕಿದರು. 1848ರಲ್ಲಿ ತನ್ನ ಹೊಲದ ಬಳಿ ಅವನೊಂದು ಸಣ್ಣ ಪ್ರಾರ್ಥನಾಮಂದಿರವನ್ನು ಕಟ್ಟಿಸಿದನು. ಕೊನೆಗೆ ಕಣ್ಣುಗಳೂ ಮಂದವಾಗಿ, 1849ರ ಡಿಸೆಂಬರ್ 20ರಂದು ತೀರಿಕೊಂಡನು. ಆ ಮಂದಿರ ಇಂದಿಗೂ ಲೋ ಹ್ಯಾಂಪ್ಟನ್ನಿನಲ್ಲಿ ನಿಂತಿದೆ.